ನಾಲ್ಕಿಂಚು ಹಿಡಿದ ಪ್ಯಾಂಟು

ಅಣ್ಣಾ,

ನಾನು ಹೊಲಿಗೆ ಅಂಗಡಿಗೆ ಹೊರಟೆ.

ಬೇಯಿಸಿದ ಮೊಟ್ಟೆ ಪುಟ್ಟ ಬಟ್ಟಲಲ್ಲಿದೆ. ಚೆನ್ನಾಗಿ ಅಗಿದು ನುಂಗು. ತಿಂದು ಅರ್ಧ ಗಂಟೆ ಆಗೋವರೆಗೂ ನೀರು ಮುಟ್ಟಬೇಡ. ವಿಟಮಿನ್ ಮಾತ್ರೆ ಮರೀಬೇಡ.

ಆಪರೇಷನ್ ಮಾಡಿ ಹೊಟ್ಟೆ ಚಿಕ್ಕದು ಮಾಡಿದ ಡಾಕ್ಟರು ನಿನ್ನ ನಾಲಿಗೆಯನ್ನ ಹಾಗೇ ಬಿಟ್ಟಿದ್ದಾರೆ. ಐಸ್‌ಕ್ರೀಮ್ ಡಬ್ಬಿ ಪಕ್ಕದ ಮನೆಯವರಿಗೆ ಕೊಟ್ಟೆ, ಹುಡುಕಬೇಡ. ಕರಗಿಸಿ ಕುಡಿದರೆ ಅದು ಪಥ್ಯ ಅಂತ ನಿನಗೊಬ್ಬನಿಗೇ ಹೊಳೆಯೋದು! ನಿನ್ನೆ ಅದನ್ನ ಕುಡಿದು ನೀನು ಬೆವರಿ, ತಲೆ ಸುತ್ತಿ ಕೂತಾಗ ನಾನೆಷ್ಟು ಹೆದರಿದೆ ಗೊತ್ತಾ?

ನಿನ್ನ ಪ್ಯಾಂಟಿನ ಸೊಂಟ ನಾಲ್ಕಿಂಚು ಹಿಡಿದು ಹೊಲಿದಿದ್ದೀನಿ, ಕುರ್ಚಿ ಮೇಲಿದೆ. ಗಿರಾಕಿಗಳಿಗಾದರೆ, ಮತ್ತೆ ದಪ್ಪ ಆದಾಗ ಬಿಚ್ಚೋಕಿರಲಿ ಅಂತ ಹೆಚ್ಚಿನ ಬಟ್ಟೆ ಒಳಗೇ ಮಡಚಿ ಬಿಡ್ತೀನಿ. ನಿನ್ನ ಪ್ಯಾಂಟಲ್ಲಿ ಅದನ್ನ ಕತ್ತರಿಸಿ ಬಿಸಾಕಿದ್ದೀನಿ.