ಏಳು ಮನೆತನಗಳ ಕರಪತ್ರ

ಗುರುವಾರ, ಮಧ್ಯಾಹ್ನ

ನನ್ನ ಮೊಂಡು ಮಗಳಿಗೆ,

ಅಮ್ಮನ ಆಶೀರ್ವಾದ. ಮಂಗಳವಾರ ನಿನಗೂ ಹೇಳದೆ ದೊಡ್ಡಮ್ಮನ ಮನೆಗೆ ಬಂದುಬಿಟ್ಟೆ, ಬೈಯಬೇಡ. ಫೋನ್ ಮಾಡಿದರೆ ನೀನು ನಡುವೆ ಬಾಯಿ ಹಾಕುತ್ತೀಯ. ಅದಕ್ಕೇ ಈ ಕಾಗದ. ನಾಳೆ ದೊಡ್ಡಪ್ಪ ಆ ಕಡೆ ಬರುತ್ತಾರೆ, ಅವರ ಕೈಯಲ್ಲೇ ಕಳಿಸುತ್ತೇನೆ.

ಕಾರ್ಖಾನೆ ಮುಚ್ಚಬಾರದೆಂದು ನಿಮ್ಮ ಸಂಘ ಹಾಕಿದ ಅರ್ಜಿಯ ವಿಚಾರಣೆಗೆ ಅವತ್ತು ನಾನೂ ಬಂದಿದ್ದೆ. ಕಾರ್ಮಿಕ ಕಚೇರಿಯ ಆ ಉದ್ದನೆಯ ಕೋಣೆಯಲ್ಲಿ ಕಂಬದ ಮರೆಗೆ ಕೂತಿದ್ದೆ, ನಿನಗೆ ಕಂಡೆನೋ ಇಲ್ಲವೋ. ಕಳೆದ ವರ್ಷ ಚೆಕಿಂಗ್ ವಿಭಾಗ ಮುಚ್ಚುವವರೆಗೆ, ಇಪ್ಪತ್ತೊಂಬತ್ತು ವರ್ಷ ಶರ್ಟುಗಳಲ್ಲಿ ತಪ್ಪು ಹುಡುಕಿದ ಕಣ್ಣು ನನ್ನದು. ನೀನು ಸಂಘದ ಕಾರ್ಯದರ್ಶಿಯಾಗಿ ಎದ್ದು ನಿಂತಾಗಲೂ ಅದೇ ಕಣ್ಣಿನಿಂದ ನೋಡಿದೆ. ಹಾಳು ಕಣ್ಣು, ನಡುನಡುವೆ ಮಂಜಾಗುತ್ತಿತ್ತು.

ಯಂತ್ರಗಳನ್ನು ಬೇರೆ ದೇಶಕ್ಕೆ ಸಾಗಿಸುವುದು ಕಾಲಕ್ಕೆ ತಕ್ಕ ಕೋಲ ಎಂದರು ಕಂಪನಿಯ ವಕೀಲರು. ನೀನು ಸಿಡುಕಲಿಲ್ಲ, ಇದೇ ನನಗೆ ಮೊದಲ ಆಶ್ಚರ್ಯ. ಖರೀದಿದಾರರ ಪತ್ರಗಳನ್ನು ಒಂದೊಂದಾಗಿ ಮುಂದಿಟ್ಟೆ. ಅದೇ ಶರ್ಟಿಗೆ ವರ್ಷ ವರ್ಷವೂ ಕಡಿಮೆ ದರ, ಕಡಿಮೆ ಗಡುವು, ಒಪ್ಪದಿದ್ದರೆ ಬೇರೆ ದೇಶ ನೋಡಿಕೊಳ್ಳುತ್ತೇವೆಂಬ ಒಂದು ಸಾಲು. ಗಂಟೆಗೆ ಅರವತ್ತು ಕಾಲರು ಹೊಲಿಯಬೇಕಿದ್ದದ್ದು ತೊಂಬತ್ತಾದ ಚೀಟಿಯನ್ನೂ ತೋರಿಸಿದೆ. “ವ್ಯಾಪಾರಾನೇ ಬೇಡ ಅಂತ ನಾವು ಹೇಳ್ತಿಲ್ಲ ಸಾರ್. ನಾವು ಹೊಲಿದ ಶರ್ಟು ಹೊರದೇಶಕ್ಕೆ ಹೋಗಿದ್ದಕ್ಕೇ ನಮ್ಮನೇಲಿ ಒಲೆ ಉರಿದಿದ್ದು” ಎಂದೆ. ನಾಳೆ ಆ ಯಂತ್ರಗಳ ಮುಂದೆ ಕೂರುವ ಹೆಣ್ಣುಮಕ್ಕಳು ನಮ್ಮ ಶತ್ರುಗಳಲ್ಲ, ನಾಲ್ಕು ವರ್ಷ ಕಳೆದರೆ ಅವರಿಗೂ ಇದೇ ಪತ್ರ ಬರುತ್ತದೆ ಎಂದೆ. ಅಧಿಕಾರಿ ಪೆನ್ನು ಕೆಳಗಿಟ್ಟು ಕೇಳುತ್ತಿದ್ದರು. ನನ್ನ ಪಕ್ಕದಲ್ಲಿದ್ದ ಗುರುತಿಲ್ಲದ ಹೆಂಗಸಿಗೆ, ಅವಳು ಕೇಳದಿದ್ದರೂ, ಇವಳು ನನ್ನ ಮಗಳು ಎಂದು ಎರಡು ಸಲ ಹೇಳಿದೆ.

ಆಗಲೇ ವಕೀಲರು ಆ ಕರಪತ್ರ ತೆಗೆದದ್ದು. ಬೆಳಿಗ್ಗೆ ಕಾರ್ಖಾನೆಯ ಗೇಟಿನಲ್ಲಿ ಸಿಕ್ಕಿತಂತೆ. ಕೈಬರಹದ ಜೆರಾಕ್ಸ್, ಕೆಳಗೆ ನಿಮ್ಮ ಸಂಘದ ಹೆಸರು. ಜಗತ್ತಿನ ಏಳು ಮನೆತನಗಳು ವರ್ಷಕ್ಕೊಮ್ಮೆ ನೆಲಮಾಳಿಗೆಯಲ್ಲಿ ಸೇರಿ ಯಾವ ಕಾರ್ಖಾನೆ ಮುಚ್ಚಬೇಕೆಂದು ತೀರ್ಮಾನಿಸುತ್ತವಂತೆ, ಯಾರೂ ತಿರುಗಿ ಬೀಳದಂತೆ ನಮ್ಮ ಕುಡಿಯುವ ನೀರಿಗೆ ಪುಡಿ ಬೆರೆಸುತ್ತವಂತೆ. ವಕೀಲರು ರಾಗವಾಗಿ ಓದಿ ಹಾಳೆಯನ್ನು ನಿನ್ನ ಕೈಗೆ ಕೊಟ್ಟರು, ಕೋಣೆಯೆಲ್ಲ ನಕ್ಕಿತು. ನೀನು ನಗಲಿಲ್ಲ. “ಇದನ್ನ ಬರೆದೋರ ಸಂಕಟ ನಿಜ ಸಾರ್, ಅವರು ತೋರಿಸ್ತಿರೋ ಕಳ್ಳ ಸುಳ್ಳು. ಗುಟ್ಟಿನ ಕೋಣೆ ಯಾಕೆ ಬೇಕು? ನಮಗೆ ಮಾಡಿದ್ದೆಲ್ಲ ಕಂಪನಿ ಕಾಗದದಲ್ಲೇ ಇದೆ, ರುಜು ಸಮೇತ” ಎಂದೆ. ನಗು ನಿಂತಿತು.

ಬರೆದವರು ಯಾರೆಂದು ಅಧಿಕಾರಿ ನಿನ್ನನ್ನು ಕೇಳಿದರು. ಗೊತ್ತಿಲ್ಲ ಎಂದೆ. ಹಾಗಾದರೆ ಇದು ಸಂಘದ್ದಲ್ಲ ಎಂಬುದಕ್ಕೆ ಸೋಮವಾರದೊಳಗೆ ಪುರಾವೆ ಕೊಡಿ, ಇಲ್ಲದಿದ್ದರೆ ಅರ್ಜಿ ವಜಾ ಎಂದರು. ವಜಾ ಆದರೆ ಮರುದಿನ ಮಂಗಳವಾರವೇ ಯಂತ್ರಗಳು ಹಡಗು ಹತ್ತುತ್ತವೆ.

ಅಂಥದ್ದನ್ನು ಬರೆಯುವವರೆಲ್ಲ ಕೆಟ್ಟವರಲ್ಲ. ಕೆಲಸ ಹೋದ ಮೇಲೆ ಮಧ್ಯಾಹ್ನಗಳು ಉದ್ದವಾಗುತ್ತವೆ, ಕೈಯಲ್ಲಿ ಫೋನಿರುತ್ತದೆ. ನಮ್ಮ ಬದುಕನ್ನು ಕೆಡಿಸಿದ್ದು ನಾಲ್ಕು ಸಾಲಿನ ಪತ್ರ ಎಂದರೆ ಮನಸ್ಸು ಒಪ್ಪುವುದಿಲ್ಲ. ಇಷ್ಟು ದೊಡ್ಡ ನೋವಿಗೆ ಕಳ್ಳನಾದರೂ ದೊಡ್ಡವನಿರಬೇಡವೇ ಅನ್ನಿಸುತ್ತದೆ. ಹಾಗೆಂದು ದೊಡ್ಡಮ್ಮ ಹೇಳುತ್ತಿದ್ದಳು.

ನಿನ್ನಂಥವಳನ್ನು ಹೆತ್ತೆನೆಂದು ನನಗೆ ಹೆಮ್ಮೆ. ಎದುರಿಗೆ ಹೇಳಿದರೆ ತಲೆಯ ಮೇಲೆ ಕೂರುತ್ತೀಯೆಂದು ಇಷ್ಟು ವರ್ಷ ಬಾಯಿ ಬಿಟ್ಟಿರಲಿಲ್ಲ. ಹೊತ್ತಿಗೆ ಸರಿಯಾಗಿ ಊಟ ಮಾಡು.

ಇಂತಿ,
ನಿನ್ನ ಅಮ್ಮ

ತಾ.ಕ.: ದೊಡ್ಡಮ್ಮ ಏನೂ ಹೇಳಿಲ್ಲ, ಪಾಪ. ಚಿಕ್ಕವಳಿದ್ದಾಗ ನಾನು ಬರೆದುಕೊಟ್ಟ ಅಕ್ಷರಗಳ ಮೇಲೇ ತಿದ್ದಿ ತಿದ್ದಿ ಬರಹ ಕಲಿತವಳು ನೀನು. ಆ ಹಾಳೆ ಕೈಗೆ ಬಂದ ಕೂಡಲೇ ನಿನ್ನ ಕಿವಿ ಕೆಂಪಾದದ್ದು ನನಗೆ ಕಂಡಿತು. ನೀನು ಗೊತ್ತಿದ್ದೂ ಗೊತ್ತಿಲ್ಲ ಎಂದೆ. ನನ್ನೊಬ್ಬಳ ಮಾನಕ್ಕಾಗಿ ಅಷ್ಟು ಜನರ ಕೆಲಸವನ್ನು ಪಣಕ್ಕಿಡಬೇಡ. ಇದರ ಜೊತೆ ಇನ್ನೊಂದು ಹಾಳೆ ಇಟ್ಟಿದ್ದೇನೆ. ಕರಪತ್ರ ಬರೆದವಳು ನಾನು, ಕೇಳದೆ ಸಂಘದ ಹೆಸರು ಹಾಕಿದವಳೂ ನಾನು, ಅದರಲ್ಲಿ ಇರುವುದಕ್ಕೆ ನನ್ನ ಬಳಿ ಯಾವ ಆಧಾರವೂ ಇಲ್ಲ ಎಂದು ಬರೆದು ಸಹಿ ಹಾಕಿದ್ದೇನೆ. ಸೋಮವಾರ ಎಲ್ಲರ ಮುಂದೆ ಓದು. ನಕ್ಕರೆ ನಗಲಿ. ನನ್ನ ಹೆಸರು ಬಂದಾಗ ಮಾತ್ರ ದನಿ ತಗ್ಗಿಸಬೇಡ.