ಉಣ್ಣೆಯೊಳಗಿನ ಸೀಸ

೧೪ ಸೆಪ್ಟೆಂಬರ್, ಭಾನುವಾರ

ಪುಟ್ಟೀ,

ಹೇಗಿದ್ದೀಯ? ಕೆಮ್ಮು ಬಿಟ್ಟಿತೆ? ಅಪ್ಪ ಕಟ್ಟುತ್ತಿದ್ದಂಥ ಪುಕ್ಕ-ನೂಲಿನ ಹುಸಿಮೀನು ಒಂದು ಬೇಕು, ಗಾಳಕ್ಕೆ ಹಾಕಬೇಕು ಅಂತ ನೀನು ಬರೆದು ಮೂರು ತಿಂಗಳಾಯಿತು. ಉತ್ತರ ಬರೆಯದಿದ್ದುದಕ್ಕೆ ಸೋಮಾರಿ ಅಂತ ಬೈದುಕೋ. ಅದಕ್ಕಿಂತ ಒಳ್ಳೆಯ ನೆಪ ನನ್ನಲ್ಲಿಲ್ಲ.

ನಮ್ಮ ಗ್ರಂಥಾಲಯಕ್ಕೆ ಹೊಸ ಕಪಾಟು ಬಂತು. ಕವನದ ಪುಸ್ತಕಗಳನ್ನು ಕಡೆಗೂ ಕಿಟಕಿಯ ಪಕ್ಕಕ್ಕೆ ತಂದೆ. ಮನೆಯಲ್ಲಿ ಮಾತ್ರ ಯಾವ ಕವನದ ಪುಸ್ತಕ ತೆಗೆದರೂ ನಡುವೆ ಒಂದು ಪುಕ್ಕ. "ನಿನ್ನ ಕವಿಗಳಿಗೆ ತೂಕ ಜಾಸ್ತಿ, ಪುಕ್ಕ ಚೆನ್ನಾಗಿ ಒತ್ತುತ್ತಾರೆ" ಅಂತ ಅಪ್ಪ ಅಲ್ಲೇ ಇಡುತ್ತಿದ್ದರಲ್ಲ.

ಇವತ್ತು ಊಟವಾದ ಮೇಲೆ ಅವರ ಮೇಜಿಗೆ ಕೂತೆ, ಎರಡು ವರ್ಷದ ನಂತರ. ಮೇಜಿನಂಚಿನ ಪುಟ್ಟ ಇಕ್ಕಳದ ಬಾಯಿಗೆ ಗಾಳದ ಕೊಕ್ಕೆ ಕಚ್ಚಿಸಿ, ಅದರ ಬೆನ್ನಿಗೆ ಸೀಸದ ತಂತಿ ಸುತ್ತತೊಡಗಿದೆ. ಹನ್ನೆರಡು ಸುತ್ತು, ಹಾಗಿದ್ದರೇ ಅದು ನಡುನೀರಲ್ಲಿ ಈಜುವುದು. ಏಳರ ಹೊತ್ತಿಗೆ ನನ್ನ ಜೊತೆ ಇನ್ನೊಬ್ಬರು ಎಣಿಸುತ್ತಿರುವುದು ಕೇಳಿಸಿತು, ಮೂಗಿನಲ್ಲಿ ಗುನುಗುವ ಅಪ್ಪನ ಅದೇ ದನಿ. ತಿರುಗಿ ನೋಡಲಿಲ್ಲ. ಹನ್ನೆರಡಕ್ಕೆ ದನಿ ನಿಂತಿತು. ನಾನೂ ನಿಲ್ಲಿಸಿದೆ.

ಆಮೇಲೆ ನೂಲು ಬಿಗಿದು, ಬಿಳಿ ಪುಕ್ಕದ ಬಾಲ ಕಟ್ಟಿ, ಸೀಸದ ಮೇಲೆ ಬೂದು ಉಣ್ಣೆ ಸುತ್ತಿದೆ. ಕರಿ ನೂಲಿನ ತಲೆಗೆ ಒಂದು ತೊಟ್ಟು ಉಗುರುಬಣ್ಣ. ಒಣಗಿದ ಮೇಲೆ ನೀರಿನ ಲೋಟಕ್ಕೆ ಬಿಟ್ಟೆ. ಪುಕ್ಕ ಉಸಿರಾಡಿತು ಪುಟ್ಟೀ. ನಿಧಾನಕ್ಕೆ ಇಳಿದು, ತಳದಲ್ಲಿ ತಿರುಗಿ, ನನ್ನ ಕಡೆ ಮುಖ ಮಾಡಿ ನಿಂತಿತು.

ಹೋದ ವಾರ ಟೋಪಿ ಮಾವ ಬಂದಿದ್ದರು. ಅಪ್ಪನ ಜೊತೆ ಗಾಳ ಹಾಕಲು ಹೋದವರು ಆ ದಿನದ ಬಗ್ಗೆ ಮೊದಲ ಸಲ ಬಾಯಿಬಿಟ್ಟರು. "ಹುಸಿಮೀನು ತಳದ ಬೇರಿಗೆ ಸಿಕ್ಕಿಕೊಂಡಿತ್ತು ಅತ್ತಿಗೆ. ದಾರ ಕತ್ತರಿಸಿ ಬಾರೋ, ಡಬ್ಬಿ ತುಂಬ ಇವೆಯಲ್ಲ ಅಂದೆ. 'ಇದು ಅವಳು ಕಟ್ಟಿದ್ದು ಕಣೋ. ಬಿಟ್ಟು ಹೋದ್ರೆ ಮನೆಗೆ ಸೇರಿಸ್ತಾಳಾ?' ಅಂತ ನಗ್ತಾ ನೀರಿಗಿಳಿದ." ಅಪ್ಪ ಮತ್ತೆ ಮೇಲೆ ಬರಲಿಲ್ಲ, ಅದು ನಮಗೆಲ್ಲ ಗೊತ್ತಿರುವುದೇ. ಚಹಾ ಅರ್ಧಕ್ಕೇ ಬಿಟ್ಟು ಎದ್ದರು.

ನೀನು ಅದೇ ಮಡುವಿಗೆ ಹೋಗುತ್ತೇನೆಂದು ಬರೆದಿದ್ದೀಯ. ಬೇಡ ಅನ್ನುವುದಿಲ್ಲ. ಅಪ್ಪನ ಮಗಳು ನೀನು. ಬೇಡ ಅಂದರೆ ಎರಡು ದಿನ ಮೊದಲೇ ಹೊರಡುತ್ತೀಯ. ಹುಸಿಮೀನನ್ನು ಬೆಂಕಿಪೊಟ್ಟಣದಲ್ಲಿಟ್ಟು ಕಳಿಸುತ್ತಿದ್ದೇನೆ.

ತಣ್ಣಗಿರು ಮಗಳೇ. ನಿನ್ನ ಕೈಗೆ ಒಳ್ಳೆಯ ಮೀನು ಸಿಗಲಿ, ಕಾಲಿಗೆ ಗಟ್ಟಿ ನೆಲ ಸಿಗಲಿ.

ನಿನ್ನ
ಅಮ್ಮ

ತಾ.ಕ.: ಆ ಬೆಳಿಗ್ಗೆ ಅಪ್ಪ ಅಣಕಿಸಿದ್ದರು, "ನೀನು ಕಟ್ಟಿದ್ದು ಬೆಂಡಿನ ಹಾಗೆ ತೇಲುತ್ತೆ ಕಣೇ." ನನಗೆ ರೇಗಿತು. ಹೇಗೆ ಮುಳುಗಲ್ಲವೋ ನೋಡೋಣ ಎಂದು ಇಪ್ಪತ್ತು ಸುತ್ತು ಸೀಸ ಸುತ್ತಿಕೊಟ್ಟೆ. ಮೇಲೆ ಉಣ್ಣೆ ಬಂದ ಮೇಲೆ ಯಾರಿಗೂ ಕಾಣುವುದಿಲ್ಲ. ಅವರಿಗೂ ಕಾಣಲಿಲ್ಲ. ಟೋಪಿ ಮಾವನಿಗೆ ನಾನು ಹೇಳಲಿಲ್ಲ. ನಿನಗೆ ಕಳಿಸುತ್ತಿರುವುದರಲ್ಲಿ ಹನ್ನೆರಡೇ ಇದೆ. ನಂಬಿಕೆ ಬಾರದಿದ್ದರೆ ಉಣ್ಣೆ ಬಿಚ್ಚಿ ಎಣಿಸು. ಆದರೂ ಸಿಕ್ಕಿಕೊಂಡರೆ ದಾರ ಕತ್ತರಿಸಿ ಬಾ. ಅಮ್ಮ ಕಟ್ಟಿದ್ದು ಅಂತ ನೀರಿಗಿಳಿಯಬೇಡ.