ರಂಗಯ್ಯನವರ ಕೆಂಪು

ಮೊಳಕಾಲ್ಮೂರು
18-8-2000

ಪ್ರೀತಿಯ ಯಜಮಾನರಿಗೆ ನಿಮ್ಮ ಪುಷ್ಪಾಳ ನಮಸ್ಕಾರ.

ಹೇಗಿದ್ದೀರಿ? ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀರಾ, ಇಲ್ಲ ಟೀ ಬೀಡಿಯಲ್ಲೇ ದಿನ ದೂಡುತ್ತಿದ್ದೀರಾ? ರಾತ್ರಿ ನಿದ್ದೆ ಬರುತ್ತದೆಯೇ? ಪ್ರತಿ ಪತ್ರದಲ್ಲೂ ಇದನ್ನೇ ಕೇಳುತ್ತೇನೆ, ನೀವು "ನಾನು ಚೆನ್ನಾಗಿದ್ದೀನಿ, ಚಿಂತೆ ಬ್ಯಾಡ" ಎಂದು ಒಂದು ಗೆರೆ ಗೀಚಿ ಕಳಿಸುತ್ತೀರಿ. ಈ ಸಲ ಆ ಗೆರೆಗೆ ನಾನು ಒಪ್ಪುವವಳಲ್ಲ. ಯುಗಾದಿಗೆ ಬಂದವರು ಎರಡು ದಿನ ಇದ್ದು, ಬಟ್ಟೆ ಒಗೆಸಿಕೊಂಡು, ಹೋಳಿಗೆ ಕಟ್ಟಿಸಿಕೊಂಡು ಹೊರಟಿರಿ. ಹೆಂಡತಿಯನ್ನು ನೋಡಲು ಬಂದಿರೋ, ಅಗಸಗಿತ್ತಿಯನ್ನು ನೋಡಲು ಬಂದಿರೋ ಎಂದು ನಾನು ಆಗಲೇ ಕೇಳಿದ್ದೆ. ನಿಮ್ಮ ಮಗಳು ಮಾಲಾ ಚೆನ್ನಾಗಿದ್ದಾಳೆ. ಸ್ಕೂಲಿಗೆ ಹೋಗುವಾಗ ಈಗ ಅಳುವುದಿಲ್ಲ. ನಿಮ್ಮ ಫೋಟೋ ಮುಂದೆ ನಿಂತು ಅ ಆ ಇ ಈ ಒಪ್ಪಿಸುತ್ತಾಳೆ. ಅತ್ತೆಗೆ ಮಂಡಿನೋವು ಇದ್ದದ್ದೇ. ಆದರೆ ಮಾವ ಚೆನ್ನಾಗಿಲ್ಲ. ಎಲ್ಲರೂ ಕ್ಷೇಮ ಎಂದು ಬರೆಯಲು ನನಗೆ ಕೈ ಬರುತ್ತಿಲ್ಲ.

ಎಸ್‌ಟಿಡಿ ಬೂತಿನಿಂದ ನಿಮ್ಮ ಮಾಲೀಕರ ನಂಬರಿಗೆ ಮತ್ತೆ ಮತ್ತೆ ಮಾಡಿದೆ. ತಮಿಳಿನಲ್ಲಿ ಏನೋ ಅಂದರು. ನಾನು ತೆಲುಗಿನಲ್ಲಿ ಅತ್ತುಬಿಟ್ಟೆ. ಹೇಳುತ್ತೇನೆ ಎಂದರು. ಹೇಳಿದರೋ, ಶ್ರಾವಣದ ಕೆಲಸ ಕೆಟ್ಟೀತೆಂದು ನುಂಗಿಕೊಂಡರೋ ಗೊತ್ತಿಲ್ಲ. ಅದೂ ಅಲ್ಲದೆ ಬೂತಿನ ಬಾಗಿಲಲ್ಲಿ ಜನ ಸಾಲಾಗಿ ನಿಂತಿರುವಾಗ ಈ ವಿಷಯವನ್ನು ಹೇಗೆ ಕೂಗಿ ಹೇಳಲಿ? ಮೂತ್ರದ ವಿಷಯ. ಬರೆಯಲೂ ನಾಚಿಕೆಯಾಗುತ್ತದೆ. ಮನೆಯಲ್ಲಿ ನಾವು ಆಡುವುದು ತೆಲುಗಾದರೂ ನಮ್ಮಿಬ್ಬರಿಗೂ ಬರೆಯಲು ಬರುವುದು ಕನ್ನಡ. ಕಂಚಿಯ ನಿಮ್ಮ ಬಣ್ಣದ ಮನೆಯಲ್ಲಿ ಕನ್ನಡ ಓದುವವರು ಯಾರೂ ಇಲ್ಲವೆಂಬುದೇ ನನಗೆ ಧೈರ್ಯ. ಒಬ್ಬರೇ ಕೂತು ಓದಿ.

ಮಾವನಿಗೆ ಒಂದಕ್ಕೆ ಹೋದಾಗ ಕೆಂಪಗೆ ಬರುತ್ತದೆ ಎಂಬುದು ನಿಮಗೂ ಗೊತ್ತಿತ್ತು. ಹೋದ ವರ್ಷವೇ ಶುರುವಾಗಿತ್ತು. ಆಗ ನಾವೆಲ್ಲ ನಕ್ಕೆವು. ನೂಲಿಗೆ ಕುಂಕುಮದ ಬಣ್ಣ ಹಾಕಿದ ದಿನ ಅವರೇ ಹಿತ್ತಲಿನಿಂದ ಬಂದು, "ಇವತ್ತು ಕುಂಕುಮ ಹಾಕಿದ್ನಲ್ಲ, ಅದೇ ಇಳೀತೈತೆ" ಎನ್ನುತ್ತಿದ್ದರು. ಬಣ್ಣ ಹಾಕುವವರ ಬೆವರೂ ಬಣ್ಣ, ಉಗುಳೂ ಬಣ್ಣ ಎಂದು ನೋಡುತ್ತ ಬಂದ ಮನೆ ಇದು. ನಮ್ಮ ಮದುವೆಯಲ್ಲಿ ಧಾರೆಗೆ ನೀವು ಕೈ ಚಾಚಿದಾಗ ಮೊಣಕೈವರೆಗೂ ನೇರಳೆ ಬಣ್ಣ ಇತ್ತಲ್ಲ, ಹುಡುಗನಿಗೆ ಏನೋ ಚರ್ಮದ ರೋಗ ಎಂದು ನನ್ನ ಸೋದರತ್ತೆ ಊಟ ಬಿಟ್ಟು ಎದ್ದಿದ್ದರು. ಅಂಥ ಮನೆಯಲ್ಲಿ ಮೂತ್ರ ಕೆಂಪಗಾದರೆ ಯಾರಿಗೆ ಭಯ? ನೋವಿಲ್ಲ, ಉರಿಯಿಲ್ಲ. ಉಷ್ಣ ಎಂದು ಅತ್ತೆ ಎಳನೀರು ಕೊಟ್ಟರು, ಬಾರ್ಲಿ ನೀರು ಕುದಿಸಿದರು. ಒಂದೆರಡು ವಾರ ತಿಳಿಯಾಗುತ್ತಿತ್ತು. ನೋಡಿದ್ಯಾ, ಹೋಯ್ತು ಎಂದು ಮಾವ ಅನ್ನುತ್ತಿದ್ದರು. ಮತ್ತೆ ಬರುತ್ತಿತ್ತು.

ಈ ಆಷಾಢದಲ್ಲಿ ಬಂದ ಕೆಲಸವೆಲ್ಲ ಗಿಳಿಹಸಿರು. ಹಂಡೆಯಲ್ಲಿ ಬೇರೆ ಬಣ್ಣವೇ ಇಲ್ಲ, ಮಾವನ ಉಗುರಿನ ಸಂದಿಯೆಲ್ಲ ಹಸಿರು. ಒಂದು ಬೆಳಿಗ್ಗೆ ಹಿತ್ತಲಿನಿಂದ ಬಂದವರು ಜಗಲಿಯ ಮೇಲೆ ಕೂತರು. ಬಾಯಿಗೆ ಬೀಡಿ ಇಟ್ಟುಕೊಂಡರು, ಹಚ್ಚಲಿಲ್ಲ. ಅತ್ತೆ ಏನೆಂದು ಕೇಳಿದರೆ, "ಹಸ್ರು ಹಾಕ್ತಾ ಇದ್ದೀನಿ ಕಣೇ, ಈ ಕೆಂಪು ಎಲ್ಲಿಂದ ಬಂತು?" ಎಂದರು. ಆ ಮಾತಿಗೆ ನಾನು ಮಗ್ಗದ ಗುಂಡಿಯಲ್ಲಿ ಕಾಲಿಟ್ಟವಳು ಹಾಗೇ ನಿಂತುಬಿಟ್ಟೆ.

ಚಳ್ಳಕೆರೆಗೆ ಕರೆದುಕೊಂಡು ಹೊರಟೆ. ಬಸ್ಸು ತಳಕಿನಲ್ಲಿ ಟೀಗೆ ನಿಂತಾಗ ಮಾವ ಇಳಿದು ಅಂಗಡಿಯ ಹಿಂದೆ ಹೋದರು. ಎಲ್ಲರೂ ಟೀ ಕುಡಿದು ಹತ್ತಿ ಕೂತರೂ ಅವರು ಬರಲಿಲ್ಲ. ಕಂಡಕ್ಟರ್ ಸೀಟಿ ಊದಿ, "ಅಜ್ಜಾರೇ, ಲಗೂನ ಬರ್ರಿ" ಎಂದು ಕೂಗಿದ. ನಾನೇ ನಾಚಿಕೆ ಬಿಟ್ಟು ಹೋಗಿ ನೋಡಿದರೆ ಗೋಡೆ ಹಿಡಿದು ನಿಂತಿದ್ದಾರೆ, ಹೊಟ್ಟೆ ಬಿಗಿದಿದೆ, ಒಂದು ತೊಟ್ಟೂ ಬರುತ್ತಿಲ್ಲ. ರಕ್ತ ಹೆಪ್ಪುಗಟ್ಟಿ ದಾರಿಗೆ ಅಡ್ಡ ಕೂತಿತ್ತಂತೆ, ಅದು ಆಮೇಲೆ ತಿಳಿದದ್ದು. ಸೊಸೆಯ ಎದುರು ಆ ಮುದುಕ ಅತ್ತದ್ದನ್ನು ನಿಮಗೆ ಬರೆಯಬಾರದು ಅಂದುಕೊಂಡಿದ್ದೆ. ಬರೆಯುತ್ತಿದ್ದೇನೆ, ಯಾಕೆಂದರೆ ನೀವು ಹಟಮಾರಿ, ಸುಮ್ಮನೆ ಹೇಳಿದರೆ ನಂಬುವವರಲ್ಲ.

ಚಳ್ಳಕೆರೆಯ ಡಾಕ್ಟರು ನಳಿಗೆ ಹಾಕಿ ಮೊದಲು ಹೊಟ್ಟೆ ಹಗುರ ಮಾಡಿದರು. ಸ್ಕ್ಯಾನ್ ಮಾಡಿಸಿದರು. ಆಮೇಲೆ ಒಂದು ಪ್ರಶ್ನೆ ಕೇಳಿದರು, ಇಷ್ಟು ದಿನ ಬಾರ್ಲಿ ನೀರು ಹೇಳಿಕೊಟ್ಟವರು ಯಾರೂ ಕೇಳದೇ ಇದ್ದದ್ದು. "ಈ ರಂಗಯ್ಯನವರು ಏನು ಕೆಲಸ ಮಾಡ್ತಾರಮ್ಮ?" ರೇಷ್ಮೆ ನೂಲಿಗೆ ಬಣ್ಣ ಹಾಕುತ್ತಾರೆ ಎಂದೆ. ಹೇಗೆ ಹಾಕುತ್ತಾರೆ ಎಂದರು. ಬರಿಗೈಯಲ್ಲಿ ಪುಡಿ ಕಲಸುವುದು, ಕುದಿಯುವ ಹಂಡೆಯ ಹಬೆ ಮುಖಕ್ಕೆ ಹೊಡೆಯುವುದು, ಆಸಿಡ್ಡಿನ ಹುಳಿ ಸರಿಯಾಯಿತೇ ಎಂದು ಹಂಡೆಯ ನೀರನ್ನು ನಾಲಿಗೆಗೆ ಹಚ್ಚಿ ನೋಡುವುದು, ಅದೇ ಕೈಯಲ್ಲಿ ಬೀಡಿ ಸೇದುವುದು, ಎಲ್ಲ ಹೇಳಿದೆ. ನಾಲಿಗೆಯ ವಿಷಯ ಹೇಳುವಾಗ ನನಗೆ ಹೆಮ್ಮೆಯೂ ಇತ್ತು ನೋಡಿ, ಮಾವನ ಹಾಗೆ ಹುಳಿಯ ಹದ ಹಿಡಿಯುವವರು ಈ ಊರಲ್ಲಿ ಇನ್ನೊಬ್ಬರಿಲ್ಲವಲ್ಲ. ಡಾಕ್ಟರು ಪೆನ್ನು ಕೆಳಗಿಟ್ಟು ತಲೆ ಹಿಡಿದುಕೊಂಡರು.

ಅವರು ಹೇಳಿದ್ದನ್ನು ನನಗೆ ತಿಳಿದ ಹಾಗೆ ಬರೆಯುತ್ತೇನೆ. ಕೆಲವು ಬಣ್ಣದ ಪುಡಿಯಲ್ಲಿ ವಿಷವಿದೆ. ಅದು ಚರ್ಮದಿಂದ, ಉಸಿರಿನಿಂದ, ಬಾಯಿಯಿಂದ ಒಳಗೆ ಹೋಗುತ್ತದೆ. ಲಿವರ್ ಅದನ್ನು ಮುರಿದು ಮೂತ್ರಕ್ಕೆ ತಳ್ಳುತ್ತದೆ. ಮೂತ್ರಕೋಶದಲ್ಲಿ ಅದು ಗಂಟೆಗಟ್ಟಲೆ ನಿಂತು ಒಳಗಿನ ಪದರವನ್ನು ಕೆಡಿಸುತ್ತದೆ. ಬೀಡಿಯ ಹೊಗೆಯಲ್ಲೂ ಅದೇ ಜಾತಿಯ ವಿಷ. ಹಾಗೆ ವರ್ಷಗಟ್ಟಲೆ ಕೆಟ್ಟು ಕೆಟ್ಟು ಗೆಡ್ಡೆ ಏಳುತ್ತದೆ. ಕ್ಯಾನ್ಸರ್ ಎಂದು ಅವರು ಕೊನೆಗೆ ಅಂದರು, ಅದೂ ನಾನೇ ಕೇಳಿದ ಮೇಲೆ. ದಾವಣಗೆರೆಗೆ ಹೋಗಿ ಒಳಗೆ ಕ್ಯಾಮರಾ ಬಿಟ್ಟು ನೋಡಿಸಿಕೊಂಡೂ ಬಂದೆವು. ಗೋಡೆ ದಾಟಿ ಹೊರಗೆ ಹಬ್ಬಿದೆಯಂತೆ. ಕೆಂಪು ಕಂಡ ಮೊದಲ ತಿಂಗಳೇ ಬಂದಿದ್ದರೆ ಒಳಗಿಂದ ಹೆರೆದು ತೆಗೆದು ಮನೆಗೆ ಕಳಿಸುತ್ತಿದ್ದೆವು ಎಂದು ಅಲ್ಲಿಯವರು ಹೇಳಿದರು. ಈಗ ನೋವಿಗೆ ಮಾತ್ರೆ ಬಿಟ್ಟರೆ ಬೇರೇನೂ ಇಲ್ಲ.

ನಾನು ಚಳ್ಳಕೆರೆಯ ಡಾಕ್ಟರ ಜೊತೆ ಜಗಳಕ್ಕೇ ನಿಂತೆ. ನಮ್ಮ ಚಿಕ್ಕಮಾವನವರೂ ಅಣ್ಣನ ಜೊತೆ ಅದೇ ಹಂಡೆಯಲ್ಲಿ ಕೈ ಅದ್ದಿದವರು, ಬೀಡಿಯೂ ಅಷ್ಟೇ ಸೇದುವವರು, ಈಗಲೂ ನೂಲಿನ ಮೂಟೆ ಹೊತ್ತು ಗುಡ್ಡ ಹತ್ತುತ್ತಾರೆ, ಅವರಿಗೇಕೆ ಬರಲಿಲ್ಲ ಎಂದು ಕೇಳಿದೆ. ಅದಕ್ಕವರು, ಎಲ್ಲರ ಮೈಯೂ ಒಂದೇ ಥರ ಅಲ್ಲ, ಕೆಲವರ ಲಿವರ್ ಇಂಥ ವಿಷವನ್ನು ಬೇಗ ಮುರಿದು ತಣ್ಣಗೆ ಮಾಡುತ್ತದೆ, ಕೆಲವರದು ನಿಧಾನ, ನಿಧಾನದವರಿಗೆ ಅಪಾಯ ಹೆಚ್ಚು, ಅದು ಹುಟ್ಟಿನಿಂದ ಬಂದದ್ದು, ತಂದೆತಾಯಿಯಿಂದ ಮಕ್ಕಳಿಗೆ ಇಳಿಯುತ್ತದೆ ಎಂದರು. ಆಗ ನನಗೆ ನಿಮ್ಮ ತಾತ ನೆನಪಾದರು. ಅವರೂ ಮೂತ್ರ ಕಟ್ಟಿ ಸತ್ತರು ಎಂದು ಅತ್ತೆ ಹೇಳುತ್ತಿದ್ದರಲ್ಲ, ಯಾರೋ ಮಾಟ ಮಾಡಿಸಿದ್ದಾರೆ ಎಂದು ನಿಂಬೆಹಣ್ಣು ಕೊಯ್ಸಿದ್ದರಂತಲ್ಲ. ಡಾಕ್ಟರು ಮತ್ತೆ ಕೇಳಿದರು. "ಮನೇಲಿ ಇನ್ನು ಯಾರು ಈ ಕೆಲಸ ಮಾಡ್ತಾರೆ?" ನೀವು ಮೀಸೆ ಮೂಡದ ವಯಸ್ಸಿನಿಂದ ಹಂಡೆಯ ಮುಂದೆ ನಿಂತವರು. ನೀವು ಚಿಕ್ಕಮಾವನ ಮೈ ತಂದಿದ್ದೀರೋ, ಮಾವನ ಮೈ ತಂದಿದ್ದೀರೋ ನನಗೆ ಹೇಗೆ ಗೊತ್ತಾಗಬೇಕು? ಮೂಗು, ನಡಿಗೆ, ಸಿಟ್ಟು ಎಲ್ಲ ಮಾವನದೇ. ನಾನು ಅದನ್ನೇ ಮೆಚ್ಚಿ ಬಂದವಳು, ಈಗ ಅದನ್ನೇ ನೆನೆದು ಹೆದರುತ್ತೇನೆ.

ನೀವು ಚಳ್ಳಕೆರೆ ಸಂತೆಯಿಂದ ತಂದಿದ್ದ ರಬ್ಬರ್ ಕೈಗವಸುಗಳು ಇನ್ನೂ ನಮ್ಮ ಬಣ್ಣದ ಮನೆಯ ಗೂಟದಲ್ಲಿ ನೇತಾಡುತ್ತಿವೆ. ಒಂದೇ ದಿನ ತೊಟ್ಟಿರಿ. "ಬಳೇನೂ ತೊಟ್ಕೊಳ್ಳೋ ಓಬಳೇಶ, ನೂಲಿನ ಹದ ಕೈಗೆ ಹತ್ಬೇಕು ಕಣೋ" ಎಂದು ಮಾವ ನಕ್ಕರು, ನೀವು ಕಿತ್ತು ಎಸೆದಿರಿ. ಗಂಡಸರ ಆ ನಗುವಿನ ಮೇಲೆ ನನಗೆ ಎಷ್ಟು ಸಿಟ್ಟು ಬರುತ್ತಿದೆ ಎಂದರೆ, ಹಾಸಿಗೆ ಹಿಡಿದವರ ಮೇಲೆ ಸಿಟ್ಟು ಮಾಡಿದ ಪಾಪವೂ ನನಗೇ ಇರಲಿ.

ಮಾವನಿಗೂ ಆ ಕೈಗವಸು ಮಂಚದಿಂದ ಕಾಣುತ್ತದೆ. ಅವರಿಗೆ ನಳಿಗೆ ಹಾಕಿ ಚೀಲ ಕಟ್ಟಿದ್ದಾರೆ. ಮೊದಮೊದಲು "ಏಮೀ ಕಾದು" ಅನ್ನುತ್ತಿದ್ದರು, ಏನೂ ಆಗಲ್ಲ ಎಂದು ನಮಗೇ ಧೈರ್ಯ ಹೇಳುತ್ತಿದ್ದರು. ಮೊನ್ನೆ ನಾನು ಚೀಲ ಖಾಲಿ ಮಾಡಲು ಹೋದಾಗ ತಡಿ ಎಂದರು. ಅದನ್ನು ಕಿಟಕಿಯ ಬೆಳಕಿಗೆ ಎತ್ತಿ ಹಿಡಿಸಿ, ನೂಲಿನ ಲಡಿ ನೋಡುವ ಹಾಗೆ ಕಣ್ಣು ಕಿರಿದು ಮಾಡಿ ನೋಡಿದರು. "ಇದು ಕುಂಕುಮ ಅಲ್ಲ ಪುಷ್ಪಾ, ಅರಗಿನ ಕೆಂಪು. ಇದು ನಾನು ಹಾಕಿದ್ ಬಣ್ಣ ಅಲ್ಲ" ಎಂದರು. ಆಮೇಲೆ ಗೋಡೆಗೆ ಮುಖ ತಿರುಗಿಸಿ "ವಾಣ್ಣಿ ರಮ್ಮನು" ಅಂದರು. ಅವನನ್ನು ಬರಹೇಳು ಅಂತ. ತಾವು ಸಾಯುವುದಕ್ಕೆ ಮುಂಚೆ ನಿಮ್ಮ ಮುಖ ನೋಡುವ ಆಸೆ ಎಂದುಕೊಂಡೆ. ಅಲ್ಲ. "ಆ ಹಂಡೆ ಮುಂದಿಂದ ಅವನ್ನ ಎಬ್ಬಿಸು" ಅಂದರು.

ಅದಕ್ಕೇ ಕೇಳುತ್ತಿದ್ದೇನೆ, ಬನ್ನಿ. ಶ್ರಾವಣ ಮುಗಿಯಲಿ, ಗೌರಿಹಬ್ಬ ಮುಗಿಯಲಿ ಎನ್ನಬೇಡಿ. ಮಾಲೀಕರು ಬಿಡದಿದ್ದರೆ ಅಪ್ಪ ಸತ್ತರು ಎಂದು ಸುಳ್ಳಾದರೂ ಹೇಳಿ, ಮಾವನೇ ಹಾಗೆ ಹೇಳೆಂದಿದ್ದಾರೆ. ಬಂದು ಮಗ್ಗಕ್ಕೆ ಕೂರಿ, ನಾನು ನಿಮಗೆ ಲಾಳಿಗೆ ನೂಲಿನ ಕಂಡಿಕೆ ಸುತ್ತಿಕೊಡುತ್ತೇನೆ. ಮಗ್ಗವೂ ಬೇಡವಾದರೆ ಇಬ್ಬರೂ ಕಡಲೆಕಾಯಿ ಕೀಳಲು ಕೂಲಿಗೆ ಹೋಗೋಣ. ನನಗೆ ನೀವು ಬೇಕು ಕಣ್ರೀ. ಇದನ್ನು ಇಷ್ಟು ವರ್ಷದಲ್ಲಿ ನಿಮ್ಮ ಮುಖ ನೋಡಿ ಒಂದು ಸಲವೂ ಹೇಳಲು ನನ್ನ ಬಾಯಿಗೆ ಬರಲಿಲ್ಲ, ಕಾಗದದ ಮೇಲೆ ಬಂತು.

ಅತ್ತೆ ಮಾವನ ಆಶೀರ್ವಾದ ನಿಮ್ಮ ತಲೆಯ ಮೇಲಿದೆ. ಮಾಲಾ ಇಲ್ಲಿ ಮೂಲೆಯಲ್ಲಿ ತಾನೇ ಒಂದು 'ಅ' ಬರೆದಿದ್ದಾಳೆ, ಅದು ಅಪ್ಪನಿಗಂತೆ.

ನಿಮ್ಮ ದಾರಿ ಕಾಯುವ
ಪುಷ್ಪಾ

ಮರೆತ ಮಾತು: ಪತ್ರ ಅಂಟಿಸಿದ್ದೆ, ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ, ಅಕ್ಷರ ಅಡ್ಡಾದಿಡ್ಡಿಯಾದರೆ ಸರಿಮಾಡಿಕೊಂಡು ಓದಿ. ಈಗ ಬೆಳಿಗ್ಗೆ ಮಾವನ ಪಂಚೆ ಒಗೆಯುತ್ತಿದ್ದೆ. ನಳಿಗೆಯ ಹತ್ತಿರ ಸೋರಿ ಕಲೆಯಾಗಿತ್ತು. ತಣ್ಣೀರಿನಲ್ಲಿ ನೆನೆಸಿ ಉಜ್ಜಿದೆ, ಪೂರ್ತಿ ಹೋಯಿತು. ಕೈ ಅಲ್ಲೇ ನಿಂತುಬಿಟ್ಟಿತು. ಯುಗಾದಿಗೆ ಬಂದಾಗ ನಿಮ್ಮ ಬಿಳಿ ಲುಂಗಿಯ ಮುಂಭಾಗದಲ್ಲಿ ಕೆಂಪು ಕಲೆ ಇತ್ತು. ಬಣ್ಣ ಬಿತ್ತು ಎಂದಿರಿ. ಹಳೆಯದಾದರೂ ಲುಂಗಿ ಹಾಳಾಯಿತಲ್ಲ ಎಂದು ನಾನು ಬೈದೆ, ಒಂದು ಸಲ ಉಜ್ಜಿ ನೋಡೋಣ ಎಂದು ತಣ್ಣೀರಿಗೆ ಹಾಕಿದೆ. ಹೋಯಿತು. ಗುರುತೂ ಉಳಿಯಲಿಲ್ಲ, ನಾನು ಖುಷಿಪಟ್ಟೆ. ರೀ, ನಿಮ್ಮಪ್ಪನ ಕೈಯಲ್ಲಿ ಕಲಿತವರು ಹಾಕುವ ಬಣ್ಣ ಬಟ್ಟೆ ಹರಿದರೂ ಹೋಗುವುದಿಲ್ಲ. ಅದು ಬಣ್ಣ ಅಲ್ಲ. ಮನೆಗೆ ಬರಬೇಡಿ, ನೇರ ಚಳ್ಳಕೆರೆಯಲ್ಲಿ ಇಳಿಯಿರಿ, ಡಾಕ್ಟರ ಬಾಗಿಲಲ್ಲಿ ನಾನಿರುತ್ತೇನೆ. ಪತ್ರ ಸೇರಿದ ದಿನವೇ ಬಸ್ಸು ಹತ್ತಿ.